ಸ್ಕ್ರೂ ತುದಿಯ ಸಂದು

ಮತ್ತೆ ಸಂದು, ಕೂದಲೆಳೆಯಷ್ಟು, ಕಾರ್ಬುರೇಟರಿನ ಸ್ಕ್ರೂ ತುದಿಗೂ ಕಾಲು ತೆಗೆದರೆ ಅದರ ಮೇಲೆ ಕೂರಬೇಕಾದ ಆ ಪುಟ್ಟ ಲಿವರಿಗೂ ನಡುವೆ, ಅದರೊಳಗಿಂದ ಬೆಳಕು ಕಾಣುತ್ತಿದೆ — ಅಂದರೆ ಇವನು ಆಕ್ಸಿಲರೇಟರ್ ಮೇಲಿಂದ ಇನ್ನೂ ಕಾಲು ತೆಗೆದಿಲ್ಲ, ಬಾನೆಟ್ಟಿನ ಈಚೆ ನಿಂತವಳಿಗೆ ಏನು ಗೊತ್ತಾಗುತ್ತೆ ಅಂದುಕೊಂಡಿದ್ದಾನೆ, ಲೋ ತಮ್ಮಾ, ಕಾಲು ತೆಗಿಯೋ, ತೆಗ್ದಿದೀನಕ್ಕಾ, ಸುಳ್ಳ, ಚಿಕ್ಕವನಿದ್ದಾಗ ಬಾಯಿ ತುಂಬ ಸಕ್ಕರೆ ಇಟ್ಟುಕೊಂಡು ತಿಂದಿಲ್ಲ ಎಂದು ತಲೆಯಾಡಿಸಿದವನು ಇವನೇ. ಕಾಲು ಅಲ್ಲೇ ಇದ್ದರೆ ನಾನು ಸ್ಕ್ರೂ ಎಷ್ಟು ತಿರುಗಿಸಿದರೂ ದಂಡ, ಇಂಜಿನ್ ತನ್ನಷ್ಟಕ್ಕೆ ತಾನು ಓಡುತ್ತಿದೆಯೋ ಇವನ ಭಯಕ್ಕೆ ಓಡುತ್ತಿದೆಯೋ ಹೇಗೆ ತಿಳಿಯಬೇಕು, ಹಾಳಾದ ಭಯ, ಭಯವಾಗದೆ ಇನ್ನೇನು, ಅವತ್ತು ನಾಲ್ಕು ರಸ್ತೆ ಕೂಡುವಲ್ಲಿ ಸಿಗ್ನಲ್ ಹಸಿರಾಯಿತು, ಇವನು ಹೊರಟ, ನಟ್ಟನಡುವೆ ಇಂಜಿನ್ ಗಪ್ಪನೆ ನಿಂತಿತು, ಪಕ್ಕದಿಂದ ಲಾರಿ — ಕಾರ್ಬುರೇಟರಿನ ಸಣ್ಣ ತೂತಿನಲ್ಲಿ ಸಿಕ್ಕಿಕೊಂಡ ಒಂದು ಚೂರು ಕಸ, ಸಾಸಿವೆಗಿಂತ ಚಿಕ್ಕದು, ಆಮೇಲೆ ನಾನೇ ಊದಿ ತೆಗೆದೆ, ಅದಕ್ಕೆ ಇವನ ತೊಡೆ ಮೂಳೆ ಮುರಿಯಿತು, ಅಪ್ಪನ ಕಾಲದ ಈ ಕಾರಿನ ಒಂದು ಪಕ್ಕ ಅಪ್ಪಚ್ಚಿಯಾಯಿತು. ಮೂಳೆ ಕೂಡಿಕೊಂಡಿತು, ಕಾರಿಗೆ ಹೊಸ ಬಾಗಿಲು ಕೂಡಿಸಿದೆ, ತುಕ್ಕು ಕೆರೆದೆ, ಬಣ್ಣ ಹಚ್ಚಿಸಿದೆ, ಇವನು ಮಾತ್ರ ಸ್ಟೇರಿಂಗ್ ಮುಟ್ಟಲಿಲ್ಲ, ಟ್ಯಾಕ್ಸಿ ಓಡಿಸುತ್ತಿದ್ದವನು ಈಗ ಬಸ್ಸಿಗೆ ಕಾಯುತ್ತ ನಿಲ್ಲುತ್ತಾನೆ. ಇವತ್ತು ಕೂತದ್ದೂ ಆಣೆ ಮಾಡಿಸಿಕೊಂಡೇ, ಬರೀ ರೇಸ್ ಹಿಡ್ಕೋತೀನಿ, ಓಡ್ಸು ಅಂತ ಮಾತ್ರ ಅನ್ಬೇಡ, ಹೂಂ ಕಣಪ್ಪಾ ಅನ್ನಲ್ಲ — ಆದರೆ ಇವತ್ತು ಇಳಿದು ಹೋದರೆ ಇನ್ನು ಯಾವತ್ತೂ ಹತ್ತುವವನಲ್ಲ, ಅದು ನನಗೆ ಗೊತ್ತು. ಬಾಗಿಲಲ್ಲಿ ಅಮ್ಮ, ಸಾಕು ಬಿಡೇ ಅವನನ್ನ, ಹೊಲಿಗೆ ಮಷಿನ್ ರಿಪೇರಿ ಮಾಡೋಳಿಗೆ ಕಾರಿನ ಉಸಾಬರಿ ಯಾಕೆ, ಮಷಿನ್ ಮಷಿನ್ನೇ ಅಮ್ಮಾ, ನೀನು ಒಳಗೆ ಹೋಗಿ ಟೀವಿ ನೋಡು. ಕಾಲು ತೆಗಿಯೋ, ನಿಂತೋಗತ್ತಕ್ಕಾ, ನಿಲ್ಲಲಿ ಬಿಡು, ಇದು ನಮ್ಮ ಅಂಗಳ, ಇಲ್ಲಿ ಯಾವ ಲಾರಿ ಬರತ್ತೆ — ಅಯ್ಯೋ, ಅಂದೇಬಿಟ್ಟೆನಲ್ಲ, ಈ ಮನೆಯಲ್ಲಿ ಯಾರೂ ಆಡದ ಮಾತು, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ, ಆದರೆ ಲಿವರ್ ಇಳಿಯಿತು, ಸಂದು ಮುಚ್ಚಿತು, ಇಂಜಿನ್ ಎರಡು ಸಲ ಕೆಮ್ಮಿ ನಿಂತೇ ಹೋಯಿತು. ಇಣುಕಿ ನೋಡಿದರೆ ಮುಖ ಬಿಳಿಚಿಕೊಂಡಿದೆ, ಸ್ಟೇರಿಂಗ್ ಅವುಚಿ ಹಿಡಿದಿದ್ದಾನೆ, ಈಗ ಇಳಿಯುತ್ತಾನೆ, ಈಗ, ನಿಂತೇಹೋಯ್ತಲ್ಲಕ್ಕಾ, ಹೂಂ ನಿಂತ್ಹೋಯ್ತು, ನಿಂಗೇನಾಯ್ತು, ಏನೂ ಆಗ್ಲಿಲ್ಲ, ಮತ್ತೆ.

ಲಿವರ್ ಕೂರುವ ಸ್ಕ್ರೂ ಅರ್ಧ ಸುತ್ತು ಒಳಗೆ, ಗಾಳಿ ಸ್ಕ್ರೂ ಕಾಲು ಸುತ್ತು ಹೊರಗೆ, ಸ್ಟಾರ್ಟ್ ಮಾಡು ಅನ್ನಬಾರದು, ಬಾಯಿ ಹೊಲಿದುಕೊಂಡಿರು — ಕಿರ್ರ್, ತಾನೇ ಕೀ ತಿರುಗಿಸಿದ, ಹತ್ತಿಕೊಂಡಿತು, ಸಂದು ತೆರೆದಿದೆ, ಕಿರಿದಾಗುತ್ತಿದೆ, ಇನ್ನೂ ಕಿರಿದು, ಮುಚ್ಚಿತು, ಇಂಜಿನ್ ತಡವರಿಸಿತು, ತಡಿಯೇ ನನ್ನಮ್ಮಾ, ಗಾಳಿ ಸ್ಕ್ರೂ ಒಂಚೂರು ಹೊರಗೆ, ಹೆಚ್ಚಾಯಿತು, ಒಂಚೂರು ಒಳಗೆ, ಹಾ, ಅಲ್ಲೇ — ಗುಡುಗುಡು ಹೋಗಿ ಒಂದೇ ಸಮ, ಎಣ್ಣೆ ಬಿಟ್ಟ ಹೊಲಿಗೆ ಮಷಿನ್ನಿನ ಹಾಗೆ. ಕಾಲೆಲ್ಲಿದೆಯೋ, ನೆಲದ ಮೇಲೆ, ಎರಡೂನಾ, ಎರಡೂ ಕಣಕ್ಕಾ, ಸುಳ್ಳಲ್ಲ, ಲಿವರ್ ಸ್ಕ್ರೂ ಮೇಲೆ ಗಟ್ಟಿಯಾಗಿ ಕೂತಿದೆ, ಯಾರ ಕಾಲೂ ಇಲ್ಲದೆ ಓಡುತ್ತಿದೆ, ಅವನೂ ಕೇಳಿಸಿಕೊಳ್ಳುತ್ತಿದ್ದಾನೆ, ನನಗೆ ಅಳು ಬರುತ್ತಿದೆ, ಹೊಗೆಗಲ್ಲ, ಸಂತೋಷಕ್ಕೇ, ಬರಲಿ. ಅಯ್ಯೋ ಮತ್ತೆ ಸಂದು ತೆರೆಯಿತು, ಲೋ ಕತ್ತೆ, ಬೈಯಲು ಬಾಯಿ ತೆರೆದಿದ್ದೇನೆ, ಅಕ್ಕಾ ಬಾನೆಟ್ ಹಾಕಿ ಆ ಕಡೆ ಸರಿ, ಗೇಟ್ ತೆಗಿ — ಗೇಟಾ, ಗೇಟ್ ಅಂದನಾ, ಬೀದಿ ತುದಿ ತನಕ ಹೋಗ್ಬರ್ತೀನಿ, ಅಷ್ಟೇ, ಹೂಂ, ಹಾಕ್ತೀನಿ, ತಡಿಯೋ ಒಂದು ನಿಮಿಷ, ಬಾನೆಟ್ ಹಾಕಬೇಕು, ಕೈ ಏಳುತ್ತಿಲ್ಲ, ರೇಸ್ ಕೊಡುತ್ತಿದ್ದಾನೆ, ಆ ಸಂದು, ಕೂದಲೆಳೆಯಷ್ಟಲ್ಲ, ಬೆರಳಗಲ, ಅದರೊಳಗೆ ಬೆಳಕು