ಕರೆಂಟ್ ಬಂದ ಗಂಡಾಂತರ

ವಿಜಯನಗರದಲ್ಲಿ ಕರೆಂಟು ಸುಮ್ಮನೆ ಹೋಗಲಿಲ್ಲ. ಸೌಮ್ಯಶ್ರೀಯ ಅಡಾಪ್ಟರನ್ನು ಸುಟ್ಟೇ ಹೋಯಿತು. ಒಂದು ವರ್ಷ ಕೂತು ಕಟ್ಟಿದ ಸರ್ಕ್ಯೂಟ್ ಬೋರ್ಡನ್ನು ಅವಳು ಇನ್ನು ಹತ್ತು ನಿಮಿಷದಲ್ಲಿ ಪರೀಕ್ಷಕರಿಗೆ ವಿಡಿಯೊ ಕರೆಯಲ್ಲಿ ತೋರಿಸಬೇಕು. ಹದಿಮೂರು ವೋಲ್ಟ್ ದಾಟಿದರೆ ಅದು ಸುಡುತ್ತದೆ, ಇರುವುದು ಅದೊಂದೇ.

ಅಪ್ಪ ಚನ್ನವೀರೇಶ್ ಯುಪಿಎಸ್ ಬ್ಯಾಟರಿಯಿಂದಲೇ ಬೋರ್ಡಿಗೆ ವೈರು ಎಳೆದರು. "ನನ್ನನ್ನ ನಂಬಬೇಡ ಕಣೇ, ಮೀಟರ್ ನೋಡು. ಹನ್ನೆರಡೂವರೆ."

ಬೋರ್ಡು ಬೆಳಗಿತು. ಪರೀಕ್ಷಕರು ತಲೆದೂಗುತ್ತಿದ್ದಂತೆ ಬೀದಿಯೆಲ್ಲ "ಕರೆಂಟ್ ಬಂತು!" ಎಂದು ಕೂಗಿತು. ಯುಪಿಎಸ್ ಗುಂಯ್‌ಗುಟ್ಟುತ್ತ ಬ್ಯಾಟರಿಯನ್ನು ಚಾರ್ಜ್ ಮಾಡತೊಡಗಿತು. ಚಾರ್ಜಾಗುವ ಬ್ಯಾಟರಿಯ ವೋಲ್ಟೇಜಿನ ಜೊತೆ ಮೀಟರಿನ ಅಂಕಿಯೂ ಸರಸರನೆ ಏರಿತು.

"ಅಪ್ಪಾಜಿ, ಯುಪಿಎಸ್ ಪ್ಲಗ್ ಕೀಳಿ!"

ಚನ್ನವೀರೇಶ್ ಪಂಚೆ ಎತ್ತಿಕೊಂಡು ಹಾರಿ ಕಿತ್ತರು. ಅಂಕಿ ಹದಿಮೂರರ ಹೊಸ್ತಿಲಲ್ಲಿ ನಿಂತಿತು.

"ವೋಲ್ಟೇಜ್ ಜಾಸ್ತಿಯಾದ್ರೆ ಕಾಪಾಡೋಕೆ ಏನು ಹಾಕಿದೀಯಮ್ಮ?" ಎಂದರು ಪರೀಕ್ಷಕರು.

ಸೌಮ್ಯಶ್ರೀ ಏದುಸಿರಿನಲ್ಲೇ ಹೇಳಿದಳು: "ಸದ್ಯಕ್ಕೆ ನಮ್ಮಪ್ಪ, ಸಾರ್."