ತೊಲೆಗೆ ಹಚ್ಚಿದ ಭಂಡಾರ

ಆಶಮ್ಮನ ಮನೆಯವರು ಕುರಿಹಟ್ಟಿಯ ಬಾಗಿಲಿಗೆ ಅಡ್ಡ ಇಡುವ ತೊಲೆಯನ್ನು ತುಳಿಯುವುದಿಲ್ಲ. ಸಂಜೆ ಕುರಿ ಒಳಗಾದ ಮೇಲೆ ಅದಕ್ಕೆ ಬೀರಪ್ಪನ ಭಂಡಾರ, ಆ ಅರಿಸಿನದ ಪುಡಿ, ಹಚ್ಚುತ್ತಾರೆ. ಆಮೇಲೆ ಅದು ದೇವರದು. ಮಗಳು ಹರಿತಾ ಚಿಕ್ಕಂದಿನಿಂದ ಅದನ್ನು ಕಾಲು ತಾಕಿಸದೆ ಹಾರಿಯೇ ಒಳಹೊರಗೆ ಓಡಾಡಿದವಳು.

ಆ ಹಾರಾಟ ಕಂಡೇ ತೆಲಂಗಾಣದ ಗಡಿಯೂರು ನಾರಾಯಣಪೇಟೆಯ ಓಟದ ಮೇಷ್ಟ್ರು ಶಿವಕಾಂತ ಅವಳನ್ನು ಸ್ಟೀಪಲ್‌ಚೇಸ್‌ಗೆ ಹಚ್ಚಿದರು. ಓಡುವ ದಾರಿಯಲ್ಲಿ ಅಡ್ಡ ತೊಲೆಗಳು. ಒಂದು ತೊಲೆಯ ಆಚೆ ನೀರಿನ ಗುಂಡಿ. ಅಲ್ಲಿ ತೊಲೆಯ ಮೇಲೆ ಕಾಲಿಟ್ಟು, ಒದ್ದು, ನೀರು ದಾಟಬೇಕು. ಹರಿತಾಳ ಕಾಲು ಒಪ್ಪಲೇ ಇಲ್ಲ.

"ಇದು ನಿಮ್ಮ ಹಟ್ಟಿ ಬಾಗಿಲಲ್ಲ ತಾಯಿ, ಸರಕಾರಿ ಕಟ್ಟಿಗಿ," ಅಂದರು ಮೇಷ್ಟ್ರು. "ಇಲ್ಲಿತನಕ ಬರಾಕ ನಿಮ್ಮ ಬೀರಪ್ಪಗ ಬಸ್ಸು ಸಿಗಂಗಿಲ್ಲ. ತುಳಿ!"

"ದೇವರ ಮ್ಯಾಲ ನಗಬ್ಯಾಡ್ರಿ ಸಾರ್," ಅನ್ನುತ್ತ ತಾನೇ ನಕ್ಕು, ತುಳಿದಳು.

ತೆಲಂಗಾಣ ಬೇರೆಯಾದ ಮರುವರ್ಷ ಹೊಸ ರಾಜ್ಯದ ಅಂಗಿ ತೊಟ್ಟು ಗೆದ್ದಳು. ಅದರ ಹಿಂದೆಯೇ ದೇಶದ ಅಂಗಿಯೂ ಬಂತು. ಕೊಲಂಬೊದಲ್ಲಿ ಓಟ. ಅಲ್ಲಿ ಚೆನ್ನಾಗಿ ಓಡಿದರೆ ದೇಶದ ತಂಡದಲ್ಲಿ ಕಾಯಂ ಜಾಗ. ಇಲ್ಲವಾದರೆ ಮತ್ತೆ ಕುರಿಯ ಹಿಂದೆ.

ಮಕ್ತಲ್ ಬಸ್ ನಿಲ್ದಾಣದಲ್ಲಿ ಆಶಮ್ಮ ಅವಳ ಓಢಣಿಯ ಸೆರಗಿಗೆ ಭಂಡಾರ ಕಟ್ಟಿದಳು. "ಅಂಜಿಕಿ ಆತಂದ್ರ ಹಚ್ಚವ್ವ."

ಅಂಜಿಕೆ ಆಯಿತು. ಓಟದ ದಿನ ಬೆಳಿಗ್ಗೆ ಮೈದಾನ ನೋಡಲು ಬಿಟ್ಟಾಗ, ಸುತ್ತ ಕನ್ನಡವೂ ಇಲ್ಲ, ತೆಲುಗೂ ಇಲ್ಲ. ಹರಿತಾ ಗಂಟು ಬಿಚ್ಚಿ ಹಣೆಗೆ ಹಚ್ಚಿಕೊಂಡಳು. ಉಳಿದ ಚಿಟಿಕೆಯನ್ನು, ಮನೆಯಲ್ಲಿ ಮಾಡುವ ಹಾಗೆಯೇ, ನೀರಿನ ಗುಂಡಿಯ ಬಿಳಿ ತೊಲೆಗೆ ಒರೆಸಿದಳು.

ಓಟದಲ್ಲಿ ಎಲ್ಲರಿಗಿಂತ ಮುಂದೆ ಅವಳೇ ಆ ತೊಲೆಗೆ ಬಂದಳು. ಕಾಲೆತ್ತಿದಾಗ ಹಳದಿ ಕಂಡಿತು. ಕಾಲು ಇಳಿಯಲಿಲ್ಲ. ಹಟ್ಟಿಯ ಬಾಗಿಲಂತೆ ಪೂರಾ ಹಾರಿದಳು. ಹಟ್ಟಿಯೊಳಗಾದರೆ ಮೆತ್ತನೆಯ ಹಿಕ್ಕೆ. ಇಲ್ಲಿ ನೀರಿನಡಿ ಕಲ್ಲಿನಂಥ ನೆಲ. ಮೊಣಕಾಲು ತಿರುಚಿತು. ಹಿಂದಿನವರೆಲ್ಲ ಅದೇ ಭಂಡಾರ ತುಳಿದು ಅವಳನ್ನು ದಾಟಿ ಹೋದರು.

"ನಡೀಬಹುದು. ಓಡೋದು ಮರೆತುಬಿಡಮ್ಮ," ಅಂದರು ಗದ್ವಾಲದ ಎಲುಬಿನ ಡಾಕ್ಟರು.

ವಾಪಸು ಬರುವ ಬಸ್ಸಿನಲ್ಲಿ ಆಶಮ್ಮ ಕೇಳಿದಳು: "ಭಂಡಾರ ಹಚ್ಚಿದ್ದಿಲ್ಲೇನು?"

"ಹಚ್ಚಿದ್ದೆ ಯವ್ವ."

"ಮತ್ತ ಆ ಬೀರಪ್ಪ ಯಾಕ ಕಾಯಲಿಲ್ಲ?"

ಹರಿತಾ ಕಿಟಕಿಯ ಕಡೆ ತಿರುಗಿದಳು. ತೊಲೆಗೂ ಹಚ್ಚಿದ್ದನ್ನು ಹೇಳಿದರೆ, ಗಂಟು ಕಟ್ಟಿಕೊಟ್ಟ ತನ್ನ ಕೈಯನ್ನೇ ಅವ್ವ ಶಪಿಸುತ್ತ ಕೂರುವಳು.

ಸಂಜೆ ಕುರಿ ಒಳಗಾದವು. ಆಶಮ್ಮ ತೊಲೆ ಅಡ್ಡ ಇಟ್ಟು, ಭಂಡಾರದ ಚೀಲ ಮುಟ್ಟದೆ ಒಲೆಯ ಕಡೆ ಹೋದಳು. ಹರಿತಾ ಕುಂಟುತ್ತ ಬಂದು ತಾನೇ ಹಚ್ಚಿದಳು. ಒಳಗೆ ತಾಯಿ ಸಿಗದ ಮರಿಯೊಂದು ಅರಚುತ್ತಿತ್ತು. ರೂಢಿಯಂತೆ ಹಾರಲು ಹೋದಳು. ಕಾಲು ಮೇಲೇಳಲಿಲ್ಲ.

"ಯವ್ವಾ," ಎಂದು ಕೂಗಿದಳು, "ಬಾ ಇಲ್ಲಿ, ಈ ಕಟ್ಟಿಗಿ ಇಳಸು."