ಇಲಿಯ ಕೊಬ್ಬು ಇಳಿಯಿತು, ದರ್ಜಿಯದು?

ಬೀದಿ ಮೂಲೆಯ ದರ್ಜಿಯ ರಕ್ತದಲ್ಲಿ ಕೊಲೆಸ್ಟ್ರಾಲ್ ಎಂಬ ಕೊಬ್ಬು ಏರಿತ್ತು. ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು. ಎರಡು ತಿಂಗಳು ತಪ್ಪದೆ ನುಂಗಿದ. ಅಷ್ಟರಲ್ಲಿ ಫೋನಿಗೊಂದು ಸುದ್ದಿ ಬಂತು: ಯಾವುದೋ ಬಳ್ಳಿಯ ಎಲೆಯ ಸಾರ ಕೊಟ್ಟರೆ ಇಲಿಗಳ ಕೊಲೆಸ್ಟ್ರಾಲ್ ಇಳಿಯಿತಂತೆ. ಜೊತೆಗೆ ಎಲೆಯ ಚಿತ್ರ. ಅಂಥದೇ ಬಳ್ಳಿ ತನ್ನ ಹಿತ್ತಲ ಗೋಡೆಗೆ ಹಬ್ಬಿದೆಯಲ್ಲ ಎಂದು ದರ್ಜಿ ಹಿರಿಹಿರಿ ಹಿಗ್ಗಿದ. ಮಾತ್ರೆಗಳನ್ನು ಗುಂಡಿಯ ಡಬ್ಬಿಗೆ ತುರುಕಿ, ದಿನಾ ಬೆಳಿಗ್ಗೆ ಒಂದು ಲೋಟ ಕಷಾಯ ಕುಡಿಯತೊಡಗಿದ.

ಮೂರು ವಾರದ ಮೇಲೆ, ಅಂಗಿಗೆ ಗುಂಡಿ ಹುಡುಕುತ್ತಿದ್ದ ಹೆಂಡತಿಯ ಕೈಗೆ ಮಾತ್ರೆಗಳು ಸಿಕ್ಕವು. ಅವಳು ಜಗಳಕ್ಕೆ ನಿಲ್ಲಲಿಲ್ಲ. ದರ್ಜಿಯ ಅಕ್ಕನ ಮಗಳನ್ನು ಮನೆಗೆ ಕರೆಸಿದಳು. ಆ ಹುಡುಗಿಗೆ ಪ್ರಯೋಗಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುವ ಕೆಲಸ. ಸುದ್ದಿಯಲ್ಲಿದ್ದ ಪ್ರಯೋಗ ನಡೆದದ್ದು ಅವಳ ಕಣ್ಣೆದುರೇ. ಬಂದವಳೇ ಕಷಾಯ ನಿಲ್ಲಿಸಿ ಎಂದಳು.

"ಹಾಗಾದ್ರೆ ಇಳಿದಿದ್ದು ಸುಳ್ಳಾ?" ಎಂದ ದರ್ಜಿ, ಕತ್ತರಿ ಕೆಳಗಿಟ್ಟು.

"ಇಳಿದಿದ್ದು ನಿಜ ಮಾವ."

ದರ್ಜಿಗೆ ಕುತೂಹಲ ತಡೆಯಲಾಗಲಿಲ್ಲ. ಹೇಗೆ, ಎಷ್ಟು, ಏನು ಎಂದು ಬೆನ್ನುಬಿದ್ದ. ಅವಳು ಒಂದೊಂದಾಗಿ ಹೇಳಿದಳು. ಇಲಿಗಳಿಗೆ ಮೊದಲು ಕೊಬ್ಬಿನ ಆಹಾರ ಕೊಟ್ಟು ಕೊಲೆಸ್ಟ್ರಾಲ್ ಏರಿಸಿದರು. ಆಮೇಲೆ ಮೂರು ಗುಂಪು: ಒಂದಕ್ಕೆ ಬರೀ ಆಹಾರ, ಒಂದಕ್ಕೆ ಎಲೆಯ ಸಾರ, ಇನ್ನೊಂದಕ್ಕೆ ಡಾಕ್ಟರು ಕೊಡುವ ಮಾತ್ರೆಯ ಔಷಧ. ಪ್ರತಿ ಇಲಿಯನ್ನೂ ತೂಗಿ, ತೂಕಕ್ಕೆ ತಕ್ಕಷ್ಟೇ ಕೊಟ್ಟರು. ನಾಲ್ಕು ವಾರದ ಮೇಲೆ ರಕ್ತ ನೋಡಿದರೆ ಸಾರ ಕುಡಿದವುಗಳಲ್ಲೂ ಕೊಬ್ಬು ಇಳಿದಿತ್ತು. ಆದರೆ ಸಾರ ಹೆಚ್ಚಾಗಿ ಕೊಟ್ಟು ನೋಡಿದಾಗ ಕೆಲವು ಇಲಿಗಳ ಯಕೃತ್ತಿಗೆ ಪೆಟ್ಟು ಬಿದ್ದಿತ್ತು.

"ನೀವು ಎಷ್ಟು ಕುಡೀತಿದ್ದೀರಿ?"

"ಒಂದು ಲೋಟ."

"ಆ ಲೋಟದಲ್ಲಿ ಸಾರ ಎಷ್ಟಿದೆ?"

ದರ್ಜಿ ಅದನ್ನು ಅಳೆದೇ ಇರಲಿಲ್ಲ. ಅವಳು ಹಿತ್ತಲಿಗೆ ಹೋಗಿ ಬಳ್ಳಿಯ ಎಲೆ ತಿರುಗಿಸಿ ಬೆರಳಾಡಿಸಿದಳು. ಪ್ರಯೋಗಕ್ಕೆ ಬಳಸಿದ ಎಲೆಯ ಅಡಿಯಲ್ಲಿ ಸಣ್ಣ ರೋಮವಿತ್ತು. ಇದು ನುಣ್ಣಗಿತ್ತು.

"ಮಾವ, ಇದು ಆ ಗಿಡಾನೇ ಅಲ್ಲ."

ದರ್ಜಿ ತಾನೂ ಎಲೆ ಮುಟ್ಟಿ ನೋಡಿ ಪೆಚ್ಚಾಗಿ ನಕ್ಕ. "ಇಲಿಗಾದ್ರೂ ತೂಕ ನೋಡಿ ಕೊಟ್ಟಿದ್ದೀರಿ. ನಾನು ಕಣ್ಣುಮುಚ್ಚಿ ಕುಡಿದೆ."

ಮರುದಿನವೇ ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಗೆ ಹೋದರು. ಕೊಲೆಸ್ಟ್ರಾಲ್ ಮತ್ತೆ ಏರಿತ್ತು. ಪುಣ್ಯಕ್ಕೆ ಯಕೃತ್ತಿಗೆ ಏನೂ ಆಗಿರಲಿಲ್ಲ. ಡಾಕ್ಟರು ಬೈಯಲಿಲ್ಲ. ಅವನು ನುಂಗುವ ಮಾತ್ರೆಯೂ ಒಂದು ಕಾಲಕ್ಕೆ ಪ್ರಾಣಿಗಳ ಮೇಲಿನ ಪರೀಕ್ಷೆಯಿಂದಲೇ ಶುರುವಾದದ್ದು, ಆಮೇಲೆ ವರ್ಷಗಟ್ಟಲೆ ಮನುಷ್ಯರಲ್ಲಿ ಪರೀಕ್ಷೆಯಾಗಿ ಬಂದದ್ದು ಎಂದು ತಿಳಿಸಿದರು. ಎಲೆಯ ಸಾರಕ್ಕೆ ಆ ದಾರಿ ಇನ್ನೂ ಬಾಕಿ ಇತ್ತು. ದರ್ಜಿ ಅಂದಿನಿಂದಲೇ ಮತ್ತೆ ಮಾತ್ರೆ ಶುರುಮಾಡಿದ. ಮೂರು ತಿಂಗಳಿಗೆ ಕೊಬ್ಬು ಹತೋಟಿಗೆ ಬಂತು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಗಿಡಮೂಲಿಕೆಯಲ್ಲಿ ಗುಣವಿರಬಹುದು. ಅದನ್ನು ಹುಡುಕುವವರು ಹುಡುಕುತ್ತಲೇ ಇದ್ದಾರೆ. ಆದರೆ "ಇಲಿಗಳಲ್ಲಿ ಗುಣ ಕಂಡಿತು" ಎಂಬ ಸುದ್ದಿ ಕಂಡರೆ "ಮನುಷ್ಯರಲ್ಲಿ ನೋಡಿದ್ದಾರಾ?" ಎಂದು ಕೇಳಿ. ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ. ಕಷಾಯ ಕುಡಿಯುತ್ತಿದ್ದರೆ ಅವರಿಂದ ಮುಚ್ಚಿಡಬೇಡಿ.